ಎಲ್ ಬೋರ್ಡು, ಡಿ ಬೋರ್ಡು ಮತ್ತು ನಿನ್ನ ಪಲ್ಸರ್

ತಮ್ಮಾ, ನಿನ್ನ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡ. "ಅಕ್ಕಾ, ದಾವಣಗೆರೆಲಿ ಐದು ವರ್ಷ ಪಲ್ಸರ್ ಓಡಿಸಿದೀನಿ. ಕಾರ್ಡಿಫ್‌ಗೆ ಬಂದು ಎಲ್ ಬೋರ್ಡ್ ಹಾಕ್ಕೊಂಡು ಓಡಾಡೋದಾ? ರೂಮ್‌ಮೇಟ್ ಹೇಳ್ತಾನೆ, ಎಲ್ ಬೋರ್ಡ್ ಇದ್ರೆ ಊಟ ಡೆಲಿವರಿನೂ ಮಾಡಬಹುದಂತೆ, ಹೌದಾ?" ಅಂತ ಕೇಳಿದ್ದೀಯ. ಮೈಸೂರಲ್ಲಿ ಒಂಟಿಕೊಪ್ಪಲಿನಿಂದ ದಿನಾ ಸ್ಕೂಟಿಯಲ್ಲಿ ಕೆಲಸಕ್ಕೆ ಹೋಗ್ತಿದ್ದ ನಾನೂ ಇಲ್ಲಿ ಬ್ರಿಟನ್ನಿನ ನ್ಯೂಪೋರ್ಟ್‌ಗೆ ಬಂದ ಹೊಸದರಲ್ಲಿ ಹೀಗೇ ಮೂಗು ಮುರಿದಿದ್ದೆ.

ಮೊದಲು ನಿನ್ನ ಲೆಕ್ಕ. ನೀನು ಬಂದದ್ದು ಕಳೆದ ಸೆಪ್ಟೆಂಬರ್. ಊರಿನ ಪೂರ್ತಿ ಡಿಎಲ್‌ನಲ್ಲಿ ಗೇರ್ ಇರುವ ಮೋಟಾರ್ ಸೈಕಲ್ ಅಂತ ಇದ್ದರೆ, ಇಲ್ಲಿ ವಾಸಕ್ಕೆ ಬಂದ ದಿನದಿಂದ 12 ತಿಂಗಳು ಅದರ ಮೇಲೇ ಬೈಕ್ ಓಡಿಸಬಹುದು, ಎಲ್ ಬೋರ್ಡ್ ಬೇಕಿಲ್ಲ. ಎಲ್‌ಎಲ್‌ಆರ್ ನಡೆಯೋದಿಲ್ಲ. ನಡುವೆ ರಜೆಗೆ ಊರಿಗೆ ಹೋಗಿ ಬಂದರೆ ಲೆಕ್ಕ ಮತ್ತೆ ಒಂದರಿಂದ ಶುರುವಾಗೋದೂ ಇಲ್ಲ. ಅಂದರೆ ನಿನಗೆ ಉಳಿದಿರೋದು ಎರಡೇ ತಿಂಗಳು. ಆಮೇಲೆ ನಿನ್ನ ಐದು ವರ್ಷದ ಅನುಭವ ಕಾನೂನಿನ ಕಣ್ಣಿಗೆ ಸೊನ್ನೆ. ಪ್ರಾವಿಷನಲ್ ಲೈಸೆನ್ಸ್, ಅಂದರೆ ಇಲ್ಲಿನ ಎಲ್‌ಎಲ್‌ಆರ್, ತಗೋಬೇಕು, ಸಿಬಿಟಿ ಅನ್ನೋ ಒಂದು ದಿನದ ಕಡ್ಡಾಯ ತರಬೇತಿ ಮಾಡಬೇಕು, ಎಲ್ ಬೋರ್ಡ್ ಹಾಕಬೇಕು. ನಾನು ಈ ಹನ್ನೆರಡು ತಿಂಗಳ ವಿಷಯ ಗೊತ್ತಿಲ್ಲದೆ ಕೂತೆ, ಗೊತ್ತಾಗೋ ಹೊತ್ತಿಗೆ ಹದಿನಾಲ್ಕು ತಿಂಗಳಾಗಿತ್ತು. ಪ್ರಾವಿಷನಲ್‌ಗೆ ಆನ್‌ಲೈನಲ್ಲಿ 34 ಪೌಂಡ್, ಇವತ್ತೇ ಅರ್ಜಿ ಹಾಕು.

ಸಿಬಿಟಿ ಅಂದರೆ ಪರೀಕ್ಷೆ ಅಲ್ಲ, ಪಾಸು ಫೇಲು ಇಲ್ಲ. 1990ರ ಡಿಸೆಂಬರ್‌ನಿಂದ ಇದು ಕಡ್ಡಾಯ. ಬೆಳಿಗ್ಗೆ 20 ಮೀಟರ್ ದೂರದ ನಂಬರ್ ಪ್ಲೇಟ್ ಓದಿಸ್ತಾರೆ, ಮೈದಾನದಲ್ಲಿ ಓಡಿಸ್ತಾರೆ, ಕೊನೆಗೆ ಕಿವಿಗೆ ರೇಡಿಯೋ ಸಿಕ್ಕಿಸಿ ಕನಿಷ್ಠ ಎರಡು ಗಂಟೆ ರಸ್ತೆಯಲ್ಲಿ. ರಸ್ತೆಗಿಳಿದ ಮೇಲೆ ಒಬ್ಬ ಟ್ರೈನರ್ ಜೊತೆ ಇಬ್ಬರಿಗಿಂತ ಹೆಚ್ಚು ಕಲಿಯುವವರು ಇರಬಾರದು. ನನಗೆ ಬೈಕಿಗಿಂತ ಕಷ್ಟ ಆದದ್ದು ಹೆಬ್ಬೆರಳನ್ನು ಹಾರ್ನಿನಿಂದ ದೂರ ಇಡೋದು! ತಿರುಗೋ ಮುಂಚೆ ಭುಜದ ಮೇಲಿಂದ ಹಿಂದೆ ನೋಡೋದನ್ನ ಇವರು ಲೈಫ್‌ಸೇವರ್ ಅಂತಾರೆ. ಕನ್ನಡಿ ಮಡಚಿಟ್ಟು ಓಡಿಸಿದ ನಮ್ಮ ಜನಕ್ಕೆ ಆ ಕತ್ತು ತಿರುಗಿಸೋ ಅಭ್ಯಾಸ ಬರೋಕೆ ವಾರ ಬೇಕು. ತೃಪ್ತಿಯಾದರೆ ಸಂಜೆ ಸರ್ಟಿಫಿಕೇಟ್ ಕೊಡ್ತಾರೆ, ಅದರ ಆಯಸ್ಸು ಎರಡು ವರ್ಷ. ಅದರ ಮೇಲೆ ನೀನು ಓಡಿಸಬಹುದಾದ್ದು 125 ಸಿಸಿ, 11 ಕಿಲೋವ್ಯಾಟ್‌ವರೆಗಿನ ಬೈಕ್ ಮಾತ್ರ. ಮೋಟಾರ್‌ವೇ, ಅಂದರೆ ಇಲ್ಲಿನ ಎಕ್ಸ್‌ಪ್ರೆಸ್‌ವೇ, ಹತ್ತೋಹಾಗಿಲ್ಲ. ಹಿಂದೆ ಯಾರನ್ನೂ ಕೂರಿಸೋಹಾಗಿಲ್ಲ. ನಮ್ಮಲ್ಲಿ ಎಲ್‌ಎಲ್‌ಆರ್ ಇದ್ದವನು ಕಲಿಸುವವರನ್ನ ಹಿಂದೆ ಕೂರಿಸಿಕೊಳ್ಳಬಹುದು, ಇಲ್ಲಿ ಅದೂ ಇಲ್ಲ.

ಇನ್ನು ಬೋರ್ಡಿನ ವಿಷಯ. ಬಿಳಿ ಚೌಕದ ಮೇಲೆ ಕೆಂಪು ಎಲ್, ಒಂದೊಂದು ಬದಿ 178 ಮಿಲಿಮೀಟರ್, ಅಕ್ಷರದ ಎತ್ತರ 102. ನಮ್ಮ ಮೋಟಾರು ವಾಹನ ನಿಯಮದಲ್ಲೂ 18 ಸೆಂಟಿಮೀಟರ್ ಚೌಕ, 10 ಸೆಂಟಿಮೀಟರ್ ಅಕ್ಷರ ಅಂತಾನೇ ಇದೆ, ಹೆಚ್ಚುಕಮ್ಮಿ ಒಂದೇ ಅಳತೆ. ಆದರೆ ಊರಲ್ಲಿ ಕೆಂಪು ಟೇಪಿನಲ್ಲಿ ಎಲ್ ಅಂಟಿಸಿಕೊಂಡು ಹೊರಟರೆ ಯಾರು ಅಳತೆಪಟ್ಟಿ ಹಿಡಿದು ಬರ್ತಾರೆ? ಇಲ್ಲಿ ಬೋರ್ಡು ಮುಂದೆ ಒಂದು, ಹಿಂದೆ ಒಂದು ಇರಬೇಕು, ಎದುರಿಂದ ಬರೋರಿಗೂ ಹಿಂದಿರೋರಿಗೂ ನೆಟ್ಟಗೆ ಕಾಣಬೇಕು. ಮೂಲೆ ಕತ್ತರಿಸಿ ಚಿಕ್ಕದು ಮಾಡೋದು, ಮುಂದಿನ ಫೋರ್ಕಿಗೆ ಹಪ್ಪಳದ ಹಾಗೆ ಸುತ್ತೋದು, ಪಕ್ಕಕ್ಕೆ ಅಂಟಿಸೋದು, ಇವೆಲ್ಲ ಹುಡುಗರು ಶೋಕಿಗೆ ಮಾಡೋದು. ಸಿಕ್ಕಿಬಿದ್ದರೆ 1,000 ಪೌಂಡ್‌ವರೆಗೆ ದಂಡ, ಲೈಸೆನ್ಸಿನ ಮೇಲೆ ತಪ್ಪಿನ ಲೆಕ್ಕದ ಪಾಯಿಂಟ್ ಆರರವರೆಗೆ. ದಂಡ ಕಟ್ಟಿದರೆ ಮುಗೀತು, ಪಾಯಿಂಟ್ ಮುಗಿಯಲ್ಲ. ಪ್ರಾವಿಷನಲ್ ಮೇಲೆ ಬಿದ್ದ ಪಾಯಿಂಟ್ ಅವಧಿ ತೀರದಿದ್ದರೆ ಪೂರ್ತಿ ಲೈಸೆನ್ಸಿಗೂ ಹಿಂಬಾಲಿಸಿ ಬರುತ್ತೆ, ಮುಂದೆ ಕಾರಿನ ಇನ್ಶೂರೆನ್ಸ್ ಕೇಳೋವಾಗ ಅದನ್ನೂ ಹೇಳಬೇಕು.

ಮ್ಯಾಗ್ನೆಟ್ ಬೋರ್ಡ್ ಕೊಳ್ಳಬೇಡ, ಅದು ಕಾರಿಗೆ. ನಾನು ಕೊಂಡು ತಂದು ಸ್ಕೂಟರಿಗೆ ಹಚ್ಚಿದೆ, ಪ್ಲಾಸ್ಟಿಕ್ ಬಾಡಿ, ಕೈ ಬಿಟ್ಟಕೂಡಲೇ ಕಾಲಬುಡಕ್ಕೆ ಬಿತ್ತು. ತೂತಿಗೆ ಬರೀ ಕೇಬಲ್ ಟೈ ಬಿಗಿದರೆ ಇಲ್ಲಿನ ಗಾಳಿಗೆ ತಿಂಗಳೊಳಗೆ ತೂತಿನ ಹತ್ತಿರ ಸೀಳುತ್ತೆ. ಹಿಂದೆ ಗಟ್ಟಿ ಪ್ಲಾಸ್ಟಿಕ್ ಹಲಗೆ ಕೊಟ್ಟು ಕಟ್ಟು. ರಾತ್ರಿ ಪಾಳಿ ಮುಗಿಸಿ ಹೊರಡೋವಾಗ ನಾನು ಮೊದಲು ಕೈಯಾಡಿಸ್ತಿದ್ದದ್ದು ಹಿಂದಿನ ಬೋರ್ಡಿಗೆ.

ನೀನಿರೋದು ವೇಲ್ಸ್‌ನಲ್ಲಿ, ಅದಕ್ಕೆ ಇನ್ನೊಂದು ಮಾತು. ಇಲ್ಲಿ ಎಲ್ ಬದಲು ಡಿ ಹಾಕಬಹುದು. ವೆಲ್ಷ್ ಭಾಷೆಯಲ್ಲಿ ಕಲಿಯುವವನಿಗೆ 'ಡಸ್ಗುರ್' ಅಂತಾರೆ. ನನಗದು ಬಹಳ ಇಷ್ಟವಾಗಿತ್ತು, ತಮ್ಮ ಭಾಷೆಯ ಅಕ್ಷರವನ್ನ ರಸ್ತೆಗೆ ತಂದಿದ್ದಾರಲ್ಲ ಅಂತ ಡಿ ಅನ್ನೇ ಹಾಕಿಕೊಂಡೆ. ಆ ವರ್ಷ ಯುಗಾದಿಗೆ ಗ್ಲಾಸ್ಟರಿನ ಗೆಳತಿ ಕರೆದಳು. ಮೋಟಾರ್‌ವೇ ಇಲ್ಲ, ಸರಿ, ಎ48 ರಸ್ತೆ ಹಿಡಿದು ಚೆಪ್‌ಸ್ಟೋ ದಾಟಿ ಹೊರಟೆ, ಸೀಟಿನ ಕೆಳಗೆ ಒಬ್ಬಟ್ಟಿನ ಡಬ್ಬಿ. ಚೆಪ್‌ಸ್ಟೋದಲ್ಲಿ ವೈ ನದಿ ದಾಟಿದರೆ ಇಂಗ್ಲೆಂಡ್. ಲಿಡ್ನಿ ಹತ್ತಿರ ಪೊಲೀಸ್ ನಿಲ್ಲಿಸಿ, "ಈ ಕಡೆ ಡಿ ಲೆಕ್ಕಕ್ಕಿಲ್ಲಮ್ಮ, ಎಲ್ ಎಲ್ಲಿ?" ಅನ್ನೋ ಅರ್ಥದಲ್ಲಿ ಕೇಳಿದ. ಹೊಳೆ ದಾಟಿದ್ದಕ್ಕೆ ನಾನು ಬೋರ್ಡಿಲ್ಲದವಳಾಗಿದ್ದೆ! ಪುಣ್ಯಾತ್ಮ ದಂಡ ಹಾಕಲಿಲ್ಲ. ಅಲ್ಲೇ ಊರೊಳಗಿನ ಬಿಡಿಭಾಗದ ಅಂಗಡಿಯವರೆಗೆ ಸ್ಕೂಟರ್ ತಳ್ಳಿಸಿ, ಎಲ್ ಕಟ್ಟಿದ ಮೇಲೇ ಬಿಟ್ಟ. ವೇಲ್ಸ್‌ನೊಳಗೆ ಎಲ್ ಕೂಡ ನಡೆಯುತ್ತೆ, ಎರಡೂ ಇದ್ದರೂ ತಪ್ಪಿಲ್ಲ. ನೀನು ಎಲ್ ಅನ್ನೇ ಹಾಕು.

ಡೆಲಿವರಿ ಮಾತು ಬಿಡು. ಎಲ್ ಬೋರ್ಡಿನಲ್ಲೇ, ಎರಡು ವರ್ಷಕ್ಕೊಮ್ಮೆ ಸಿಬಿಟಿ ಮತ್ತೆ ಮಾಡಿಕೊಂಡು ಡೆಲಿವರಿ ಓಡಿಸೋರು ಇದ್ದಾರೆ, ನಿನ್ನ ರೂಮ್‌ಮೇಟ್ ನೋಡಿರೋದು ಅವರನ್ನ. ಆದರೆ ಆ ಆ್ಯಪ್‌ಗಳಲ್ಲಿ ದುಡಿಯೋದು ಸ್ವಂತ ಉದ್ಯೋಗದ ಲೆಕ್ಕ, ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅವಕಾಶವೇ ಇಲ್ಲ. ಬೇರೆಯವರ ಖಾತೆ ಬಾಡಿಗೆಗೆ ಕೊಡಿಸ್ತೀನಿ ಅಂತ ಯಾರಾದರೂ ಬಂದರೆ ಮಾತೂ ಆಡಬೇಡ. ಮಾಸ್ಟರ್ಸ್‌ಗೆ ಅಂತ ಅಪ್ಪ ತೆಗೆದ ಸಾಲ ನೆನಪಿರಲಿ.

ಬೋರ್ಡು ಇಳಿಸೋ ದಾರಿ ಕೇಳಿದ್ದೀಯ. ಥಿಯರಿ ಪರೀಕ್ಷೆ, ಆಮೇಲೆ ಮಾಡ್ಯೂಲ್ ಒಂದು, ಎರಡು ಅನ್ನೋ ಬೈಕ್ ಓಡಿಸೋ ಪರೀಕ್ಷೆಗಳು. ಆರ್‌ಟಿಒ ಮೈದಾನದಲ್ಲಿ ಎಂಟು ಹಾಕಿದ್ದೀಯಲ್ಲ, ಮಾಡ್ಯೂಲ್ ಒಂದರಲ್ಲೂ ಎಂಟು ಇದೆ, ಜೊತೆಗೆ ಗಂಟೆಗೆ 50 ಕಿಲೋಮೀಟರ್ ವೇಗದಿಂದ ದಿಢೀರ್ ನಿಲ್ಲಿಸೋದು. ನಿನಗೀಗ 23, ಆದ್ದರಿಂದ ಎ2 ಲೈಸೆನ್ಸ್, ಅಂದರೆ 35 ಕಿಲೋವ್ಯಾಟ್‌ವರೆಗಿನ ಬೈಕ್. 24 ತುಂಬಿದರೆ ನೇರ ದೊಡ್ಡ ಬೈಕಿಗೇ ಪರೀಕ್ಷೆ ಕೊಡಬಹುದು. ಬುಲೆಟ್ 350 ನಿನ್ನ ಕನಸಾದರೆ ಎ2 ಸಾಕು. ರೆಡ್ಡಿಚ್‌ನಲ್ಲಿ ಹುಟ್ಟಿದ ರಾಯಲ್ ಎನ್‌ಫೀಲ್ಡ್ ಈಗ ಇಲ್ಲಿಗೆ ಬರೋದು ಭಾರತದಿಂದ, ನಮ್ಮಂತೆಯೇ. ನನ್ನ ಹಾಗೆ ಗೇರಿಲ್ಲದ ಸ್ಕೂಟರಲ್ಲಿ ಪರೀಕ್ಷೆ ಕೊಡಬೇಡ, ಲೈಸೆನ್ಸೂ ಗೇರಿಲ್ಲದ್ದಕ್ಕೇ ಸೀಮಿತವಾಗುತ್ತೆ.

ಹೆಲ್ಮೆಟ್ ಊರಿಂದ ತರಿಸ್ತೀನಿ ಅಂದೆಯಲ್ಲ, ಬೇಡ. ಐಎಸ್‌ಐ ಗುರುತು ಇಲ್ಲಿ ಲೆಕ್ಕಕ್ಕಿಲ್ಲ, ಇಸಿಇ 22.05 ಅಥವಾ 22.06 ಇರೋದನ್ನ ಇಲ್ಲೇ ಕೊಂಡುಕೋ. ಎಲ್ ಬೋರ್ಡಿಗೆ ದುಡ್ಡು ಹಾಕಬೇಡ, ಲಿಡ್ನಿಯಲ್ಲಿ ಕೊಂಡ ಜೋಡಿ ನಮ್ಮ ಶೆಡ್ಡಿನಲ್ಲಿದೆ. ಭಾನುವಾರ ರೈಲಲ್ಲಿ ಬಾ, ಊಟ ಮಾಡಿಕೊಂಡು ತಗೊಂಡು ಹೋಗು. ಡಿ ಮಾತ್ರ ಕೇಳಬೇಡ, ಅದನ್ನ ಅಡುಗೆಮನೆ ಬಾಗಿಲಿಗೆ ಹೊಡೆದಿದ್ದೀನಿ. ಮಗಳು ಮೊನ್ನೆಯಿಂದ ಚಪಾತಿ ಲಟ್ಟಿಸೋಕೆ ಶುರು ಮಾಡಿದ್ದಾಳೆ.