ಡಿಪ್ಲೊಮಾವೋ, ಪಿಯು ವಿಜ್ಞಾನವೋ? ಎಸ್‌ಎಸ್‌ಎಲ್‌ಸಿ ಮುಗಿಸಿದವರ ಮನೆಯಿಂದ ಮೂರು ಪ್ರಶ್ನೆಗಳು

ಫಲಿತಾಂಶದ ಬೆನ್ನಿಗೇ ಬಂದ ಪತ್ರಗಳಲ್ಲಿ ಮೂರನ್ನು ಇಲ್ಲಿ ಉತ್ತರಕ್ಕೆ ಎತ್ತಿಕೊಂಡಿದ್ದೇನೆ. ಮೊದಲನೆಯ ಪ್ರಶ್ನೆ ಬಹಳ ಮನೆಗಳದ್ದು. ಆದ್ದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ರಾಣೆಬೆನ್ನೂರು ತಾಲ್ಲೂಕಿನ ರೈತ. ಮೂರು ಎಕರೆ ಖುಷ್ಕಿ ಜಮೀನಿದೆ, ಮೆಕ್ಕೆಜೋಳ ಬೆಳೆಯುತ್ತೇವೆ. ನಮ್ಮೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಗ ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 471 ಅಂಕ ಪಡೆದಿದ್ದಾನೆ. ಗಣಿತದಲ್ಲಿ 71, ವಿಜ್ಞಾನದಲ್ಲಿ 66, ಇಂಗ್ಲಿಷ್‌ನಲ್ಲಿ 62. ಎಂಜಿನಿಯರ್ ಆಗುತ್ತೇನೆ ಎನ್ನುತ್ತಾನೆ. ಶಾಲೆಯ ಮೇಷ್ಟ್ರು ಪಿಯು ವಿಜ್ಞಾನಕ್ಕೆ ಸೇರಿಸಿ ಎಂದರೆ, ನನ್ನ ಭಾಮೈದ ಡಿಪ್ಲೊಮಾಗೆ ಹಾಕಿ ಎನ್ನುತ್ತಾನೆ. ಡಿಪ್ಲೊಮಾ ಮಾಡಿದವರು ಆಮೇಲೆ ಬಿ.ಇ. ಮಾಡಹೊರಟರೆ ವರ್ಷಗಳು ದಂಡವಾಗುತ್ತವೆ ಎಂದು ಊರಿನವರು ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ವರ್ಷಗಳ ಲೆಕ್ಕವನ್ನೇ ಮಾಡಿಬಿಡೋಣ. ಪಿಯು ಎರಡು ವರ್ಷ, ಅದರ ಮೇಲೆ ಬಿ.ಇ. ನಾಲ್ಕು ವರ್ಷ, ಒಟ್ಟು ಆರು. ಡಿಪ್ಲೊಮಾ ಮೂರು ವರ್ಷ. ಅದನ್ನು ಮುಗಿಸಿ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದವರು ಬಿ.ಇ.ಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವುದರಿಂದ ಅಲ್ಲಿ ಮತ್ತೆ ಮೂರು ವರ್ಷ, ಒಟ್ಟು ಆರು. ಅಂದರೆ ದಂಡವಾಗುವ ವರ್ಷ ಯಾವುದೂ ಇಲ್ಲ. ಐಟಿಐಯ ಎರಡು ವರ್ಷದ ಟ್ರೇಡ್ ಮುಗಿಸಿ, ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಿ, ಅಲ್ಲಿಂದ ಬಿ.ಇ.ಗೆ ಹೋಗುವವರಿಗೂ ಹೆಚ್ಚಾಗುವುದು ಒಂದೇ ವರ್ಷ. ಊರಿನವರ ಮಾತನ್ನು ಇಲ್ಲಿಗೆ ಬಿಡಬಹುದು.

ಹಾಗಾದರೆ ಎರಡರ ನಡುವಿನ ನಿಜವಾದ ವ್ಯತ್ಯಾಸ ಎಲ್ಲಿದೆ? ಯಾವ ದಾರಿಯಲ್ಲಿ ಹೋದರೆ ಯಾವುದು ಮುಂದೆ ಕೈಗೆ ಸಿಗದೆ ಹೋಗುತ್ತದೆ ಎಂಬುದರಲ್ಲಿದೆ. ಹತ್ತನೆಯ ತರಗತಿಯ ನಂತರದ ಯಾವುದೇ ಆಯ್ಕೆಯನ್ನು ನಾನು ಈ ಒಂದು ಪ್ರಶ್ನೆ ಇಟ್ಟುಕೊಂಡೇ ತೂಗುತ್ತೇನೆ. ಡಿಪ್ಲೊಮಾಗೆ ಹೋದ ಹುಡುಗನಿಗೆ ವೈದ್ಯಕೀಯ, ಪಶುವೈದ್ಯಕೀಯದಂಥ ಜೀವಶಾಸ್ತ್ರ ಬೇಡುವ ಓದುಗಳು ಬಹುಮಟ್ಟಿಗೆ ಮುಚ್ಚಿಹೋಗುತ್ತವೆ, ಎಂಜಿನಿಯರಿಂಗ್ ತೆರೆದೇ ಇರುತ್ತದೆ. ಪಿಯು ವಿಜ್ಞಾನ ಎಲ್ಲವನ್ನೂ ತೆರೆದಿಡುತ್ತದೆಯಾದರೂ, ಎರಡು ವರ್ಷಗಳ ಕೊನೆಯಲ್ಲಿ ಕೈಯಲ್ಲಿ ಯಾವ ಕಸುಬೂ ಇರುವುದಿಲ್ಲ. ಅಲ್ಲಿ ಅಂಕ ಕಡಿಮೆಯಾದರೆ ಮುಂದಿನ ಹೆಜ್ಜೆ ಕಷ್ಟ. ಎಂಜಿನಿಯರಿಂಗ್ ರ್‍ಯಾಂಕ್ ನಿರ್ಧಾರವಾಗುವಾಗ ದ್ವಿತೀಯ ಪಿಯುನ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ ತೂಕ, ಸಿಇಟಿ ಎಂಬ ರಾಜ್ಯದ ಪ್ರವೇಶ ಪರೀಕ್ಷೆಗೆ ಇನ್ನರ್ಧ. ಬೋರ್ಡ್ ಪರೀಕ್ಷೆಯಲ್ಲಿ ಹಂತಹಂತವಾಗಿ ಬಿಡಿಸಿ ಅಂಕ ಗಳಿಸುವ ಅಭ್ಯಾಸ ಒಂದು ಬಗೆಯದಾದರೆ, ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆಗಳಂತೆ ಓಡುವುದು ಇನ್ನೊಂದು ಬಗೆಯದು. ಎರಡನ್ನೂ ಒಟ್ಟಿಗೆ ಕಲಿಯಬೇಕು.

ಮಗನಿಗೆ ಇದು ಆಗುತ್ತದೆಯೇ ಎಂಬುದನ್ನು ಒಟ್ಟು ಅಂಕದಿಂದ ತಿಳಿಯಲಾಗದು. ಹೀಗೆ ಮಾಡಿ: ಪರಿಚಯದ ಯಾರಿಂದಲಾದರೂ ಪ್ರಥಮ ಪಿಯುನ ಭೌತಶಾಸ್ತ್ರ ಪುಸ್ತಕವನ್ನು ಒಂದು ವಾರಕ್ಕೆ ಕಡ ತನ್ನಿ. ಸಮತಲದಲ್ಲಿ ಚಲನೆಯ ಅಧ್ಯಾಯದ ಆರಂಭದಲ್ಲಿ ವೆಕ್ಟರ್‌ಗಳನ್ನು ಕೂಡಿಸುವ ಭಾಗ ಬರುತ್ತದೆ. ಅದರ ನಾಲ್ಕು ಪುಟಗಳನ್ನು ಅವನೇ ಓದಿ, ಚಿತ್ರವನ್ನು ಸ್ಲೇಟಿನ ಮೇಲೋ ಕಾಗದದ ಮೇಲೋ ತಾನೇ ಬರೆದು, ಬಿಡಿಸಿ ತೋರಿಸಿದ ಲೆಕ್ಕಗಳಲ್ಲಿ ಎರಡನ್ನು ಪುಸ್ತಕ ಮುಚ್ಚಿ ಮತ್ತೆ ಬಿಡಿಸಲಿ. ಎಲ್ಲ ಅರ್ಥವಾಗಬೇಕೆಂದಿಲ್ಲ. ಗೊತ್ತಿಲ್ಲದ ಇಂಗ್ಲಿಷ್ ಪದಗಳಿಗೆ ಗೆರೆ ಎಳೆದು, ಅರ್ಥ ಹುಡುಕಿ, ಮೂರನೆಯ ದಿನವೂ ಪುಸ್ತಕಕ್ಕೆ ಮರಳಿದರೆ ಅವನು ಪಿಯು ವಿಜ್ಞಾನವನ್ನು ದಡ ಮುಟ್ಟಿಸುತ್ತಾನೆ. ಎರಡನೆಯ ದಿನವೇ ಪುಸ್ತಕ ಮೂಲೆ ಸೇರಿದರೆ ಅದನ್ನೂ ಉತ್ತರವೆಂದೇ ತಿಳಿಯಿರಿ. ಅದಕ್ಕಾಗಿ ಅವನನ್ನು ಬಯ್ಯಬೇಡಿ.

ನೀವು ಬರೆದಿರುವಷ್ಟರ ಮೇಲೆ ಹೇಳುವುದಾದರೆ, ನನ್ನ ಒಲವು ಡಿಪ್ಲೊಮಾದ ಕಡೆಗಿದೆ. ಹುಡುಗ ಎಂಜಿನಿಯರಿಂಗ್ ಎಂದು ಮನಸ್ಸು ಮಾಡಿದ್ದಾನೆ, ಗಣಿತ ಸಾಕಷ್ಟಿದೆ, ಇಂಗ್ಲಿಷ್‌ಗೆ ಇನ್ನೂ ಸಮಯ ಬೇಕಿದೆ. ಮೂರು ವರ್ಷ ಮುಗಿಯುವ ಹೊತ್ತಿಗೆ ಮನೆಯ ಪರಿಸ್ಥಿತಿ ಕೈಕೊಟ್ಟರೂ ಸಂಪಾದನೆಗೆ ನಿಲ್ಲಬಲ್ಲ. ಲೋಕೋಪಯೋಗಿ ಇಲಾಖೆ, ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್, ರೈಲ್ವೆ ಮೊದಲಾದ ಕಡೆಗಳಲ್ಲಿ ಕಿರಿಯ ಎಂಜಿನಿಯರ್ ಹುದ್ದೆಗೆ ಸಿವಿಲ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಡಿಪ್ಲೊಮಾ ಆದವರನ್ನು ಕರೆಯುತ್ತಾರೆ. ಸೀಟು ಸಿಗುವುದು ಎಸ್‌ಎಸ್‌ಎಲ್‌ಸಿ ಅಂಕಗಳ ಮೇಲೆಯೇ. ಬೇರೆ ಪ್ರವೇಶ ಪರೀಕ್ಷೆ ಇಲ್ಲ. ಸರ್ಕಾರಿ ಪಾಲಿಟೆಕ್ನಿಕ್‌ಗೆ ಮೊದಲ ಆದ್ಯತೆ ಕೊಡಿ, ಆಮೇಲೆ ಅನುದಾನಿತ ಸಂಸ್ಥೆಗಳು. ಸೇರಿಸುವ ಮುನ್ನ ಒಮ್ಮೆ ಹೋಗಿ ವರ್ಕ್‌ಶಾಪಿನಲ್ಲಿ ಲೇತ್‌ಗಳು ಓಡುತ್ತಿವೆಯೇ, ಧೂಳು ತಿನ್ನುತ್ತ ಮುಸುಕು ಹೊದ್ದು ಕೂತಿವೆಯೇ ಎಂದು ಕಣ್ಣಾರೆ ನೋಡಿ. ಯಂತ್ರದ ಕೆಲಸದಲ್ಲಿ ನಿಜವಾದ ಆಸಕ್ತಿ ಇದ್ದರೆ, ಹುಬ್ಬಳ್ಳಿಯಲ್ಲೂ ಕೇಂದ್ರವಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿಯ ಟೂಲ್ ಆ್ಯಂಡ್ ಡೈ ಮೇಕಿಂಗ್ ಡಿಪ್ಲೊಮಾವನ್ನು ವಿಚಾರಿಸಿ. ಅದರಲ್ಲಿ ಮೂರು ವರ್ಷ ಓದು, ಮೇಲೊಂದು ವರ್ಷ ಕಾರ್ಖಾನೆಯ ತರಬೇತಿ. ಕೈ ಪಳಗಿಸುವ ವಿಷಯದಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ.

ಡಿಪ್ಲೊಮಾದಲ್ಲಿ ಎಡವುವ ಜಾಗ ಗಣಿತ. ಪಿಯು ಓದಿ ಬಂದವರು ಎರಡು ವರ್ಷ ಬಿಡದೆ ಮಾಡಿದ ಕಲನಶಾಸ್ತ್ರವನ್ನು ಡಿಪ್ಲೊಮಾದವರು ಅಷ್ಟು ಆಳವಾಗಿ ಮಾಡಿರುವುದಿಲ್ಲ, ಬಿ.ಇ. ಎರಡನೆಯ ವರ್ಷಕ್ಕೆ ನೇರವಾಗಿ ಬರುವವರಿಗೆಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಹೆಚ್ಚುವರಿ ಗಣಿತ ಇಟ್ಟದ್ದು ಇದೇ ಕಾರಣಕ್ಕೆ. ಹಾಗೆ ಸೇರಲು ಇರುವ ಸೀಟುಗಳೂ ಸೀಮಿತ. ಆದುದರಿಂದ ಮೊದಲ ಸೆಮಿಸ್ಟರ್‌ನಿಂದಲೇ ಗಣಿತವನ್ನು ಪಾಸಾಗುವ ವಿಷಯವೆಂದು ನೋಡದೆ ಬಿ.ಇ.ಗೆ ಬೇಕಾದ ವಿಷಯವೆಂದು ಓದಲಿ.

ಇನ್ನೊಂದು ಕೆಲಸವನ್ನು ಎಲ್ಲಿಗೇ ಸೇರಿಸಿದರೂ ಈ ತಿಂಗಳೇ ಮುಗಿಸಿ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ವೃತ್ತಿಶಿಕ್ಷಣದ ಸೀಟುಗಳಲ್ಲಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರ ಮೀಸಲಾತಿ ಇದೆ. ಇವುಗಳ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯಶಿಕ್ಷಕರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಮೇಲು ಸಹಿ ಬೇಕು. ಶಾಲೆ ಇನ್ನೂ ಹತ್ತಿರದಲ್ಲಿರುವಾಗ, ಮಗನನ್ನು ಬಲ್ಲ ಮೇಷ್ಟ್ರು ವರ್ಗವಾಗುವ ಮೊದಲೇ ಮಾಡಿಸಿಕೊಳ್ಳಿ. ಸಿಇಟಿಯ ದಾಖಲೆ ಪರಿಶೀಲನೆಯ ಹಿಂದಿನ ದಿನ ಬಿಇಒ ಕಚೇರಿಯ ಬಾಗಿಲಲ್ಲಿ ಸಾಲು ನಿಲ್ಲುವವರ ಪಾಡು ಯಾರಿಗೂ ಬೇಡ. ನಾಡಕಚೇರಿಯಲ್ಲಿ ಜಾತಿ–ಆದಾಯ ಪ್ರಮಾಣಪತ್ರ ತೆಗೆಸಿ, ಅದರ ಆರ್‌ಡಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಆಧಾರ್‌ನಲ್ಲಿರುವ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವಂತೆಯೇ ಇದೆಯೇ ಎಂದು ಅಕ್ಷರ ಅಕ್ಷರವಾಗಿ ಹೋಲಿಸಿ. ಇನಿಷಿಯಲ್ ಹಿಂದೆಮುಂದಾದರೆ ಸಾಕು, ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನದ ಅರ್ಜಿ ಅಲ್ಲೇ ನಿಲ್ಲುತ್ತದೆ.

ಪ್ರಶ್ನೆ: ಸಿಂಧನೂರಿನಲ್ಲಿದ್ದೇವೆ. ಮಗಳಿಗೆ 589 ಅಂಕ ಬಂದಿದೆ. ಡಾಕ್ಟರ್ ಆಗಬೇಕೋ, ಕಂಪ್ಯೂಟರ್ ಓದಬೇಕೋ ಅವಳಿಗೇ ನಿಶ್ಚಯವಿಲ್ಲ. ಕಂಪ್ಯೂಟರ್ ಆಸೆ ಇದ್ದರೆ ಪಿಸಿಎಂಸಿಯನ್ನೇ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್) ತೆಗೆದುಕೊಳ್ಳಬೇಕು ಎಂದು ಒಂದು ಕಾಲೇಜಿನವರು ಹೇಳಿದರು. ಇನ್ನೊಂದು ವಸತಿ ಕಾಲೇಜು ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ ಕೋಚಿಂಗ್ ಸೇರಿಸಿ ವರ್ಷಕ್ಕೆ ಎರಡು ಲಕ್ಷಕ್ಕೂ ಮೇಲೆ ಕೇಳುತ್ತಿದೆ. ಸಾಲ ಮಾಡಿ ಸೇರಿಸಬೇಕೆ?

ಉತ್ತರ: ಪಿಸಿಎಂಬಿ, ಅಂದರೆ ಕಂಪ್ಯೂಟರ್ ಸೈನ್ಸ್ ಬದಲು ಜೀವಶಾಸ್ತ್ರವಿರುವ ಕಾಂಬಿನೇಷನ್ ತೆಗೆದುಕೊಳ್ಳಲಿ. ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಸೇರಲು ಪಿಯುನಲ್ಲಿ ಕಂಪ್ಯೂಟರ್ ಸೈನ್ಸ್ ಓದಿರಲೇಬೇಕೆಂಬ ನಿಯಮವಿಲ್ಲ. ರ್‍ಯಾಂಕ್‌ಗೆ ಲೆಕ್ಕವಾಗುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮಾತ್ರ. ಪಿಸಿಎಂಸಿಗೆ ಹೋದವಳು ನೀಟ್ ಬರೆಯಬೇಕೆಂದರೆ ಜೀವಶಾಸ್ತ್ರವಿಲ್ಲದೆ ಆಗದು. ಪಿಸಿಎಂಬಿ ಓದಿದವಳಿಗೆ ಎರಡೂ ಉಳಿದಿರುತ್ತವೆ. ಓದಿನ ಹೊರೆ ಹೆಚ್ಚು ಎಂಬುದು ಸುಳ್ಳಲ್ಲ, ಆದರೆ 589 ತೆಗೆದ ಹುಡುಗಿ ಒಂದು ವರ್ಷ ಅದನ್ನು ಹೊತ್ತು ನೋಡಿ ನಿರ್ಧರಿಸಲಿ. ಪ್ರಥಮ ಪಿಯು ಮುಗಿಯುವ ಹೊತ್ತಿಗೆ ಒಲವು ಯಾವ ಕಡೆಗೆ ಎಂಬುದು ಅವಳಿಗೇ ತಿಳಿದುಬರುತ್ತದೆ.

ಸಾಲದ ಮಾತಿಗೆ ಬಂದರೆ, ಮೊದಲು ಆ ಕಾಲೇಜಿಗೆ ಒಂದು ಪ್ರಶ್ನೆ ಕೇಳಿ: ಹೋದ ವರ್ಷ ನೀಟ್ ಬರೆದ ನಿಮ್ಮ ಮಕ್ಕಳು ಒಟ್ಟು ಎಷ್ಟು, ಅವರಲ್ಲಿ ಸರ್ಕಾರಿ ಸೀಟು ಪಡೆದವರು ಎಷ್ಟು? ಬಸ್ ನಿಲ್ದಾಣದ ಎದುರಿನ ಫ್ಲೆಕ್ಸ್‌ನಲ್ಲಿ ಸೀಟು ಪಡೆದವರ ಸಂಖ್ಯೆ ಇರುತ್ತದೆ, ಪರೀಕ್ಷೆ ಬರೆದವರ ಸಂಖ್ಯೆ ಇರುವುದಿಲ್ಲ. ನೇರವಾಗಿ ಹೇಳದಿದ್ದರೆ ಎದ್ದು ಬನ್ನಿ. ನೀಟ್‌ನ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು. ಅವುಗಳ ಬಹುಭಾಗಕ್ಕೆ ಆಧಾರ ಪಿಯು ಕಾಲೇಜಿನಲ್ಲಿ ಓದುವ ಅದೇ ಎನ್‌ಸಿಇಆರ್‌ಟಿ ಪುಸ್ತಕ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ದೊರೆಯುತ್ತದೆ, ಆದರೆ ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪಠ್ಯವೇ ಅಂತಿಮ. ಊರಿನಲ್ಲೋ ರಾಯಚೂರಿನಲ್ಲೋ ಒಳ್ಳೆಯ ಉಪನ್ಯಾಸಕರಿರುವ ಕಾಲೇಜು ಸಿಕ್ಕು, ಕೋಚಿಂಗ್ ಬೇಕೆನಿಸಿದರೆ ಪ್ರತ್ಯೇಕವಾಗಿ ಕೊಡಿಸುವುದು ಅಗ್ಗವಾಗುತ್ತದೆ. ಹದಿನಾರರ ಹುಡುಗಿ ಮನೆಯಲ್ಲಿ ಉಂಡು ಮಲಗುವುದೂ ಓದಿಗೆ ಸಣ್ಣ ಸಹಾಯವಲ್ಲ. ಜಮೀನು ಒತ್ತೆಯಿಟ್ಟು ಕೋಚಿಂಗ್ ಶುಲ್ಕ ಕಟ್ಟಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಅಂಥ ಸಾಲದ ಭಾರ ಮಗುವಿಗೆ ಪ್ರತಿ ಟೆಸ್ಟ್‌ನಲ್ಲೂ ನೆನಪಾಗುತ್ತಿರುತ್ತದೆ.

ನಿಮಗೆ ಅದಕ್ಕಿಂತ ಮುಖ್ಯವಾದ ಅನುಕೂಲವೊಂದಿದೆ. ಪತ್ರದಲ್ಲಿ ಅದರ ಪ್ರಸ್ತಾಪವೇ ಇಲ್ಲ. ರಾಯಚೂರು ಜಿಲ್ಲೆ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಗೆ ಬರುತ್ತದೆ. ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟುಗಳು ಈ ಭಾಗದ ಸ್ಥಳೀಯ ಅಭ್ಯರ್ಥಿಗಳಿಗೆ ಮೀಸಲು. ರಾಯಚೂರಿನ ರಿಮ್ಸ್, ಬೀದರಿನ ಬ್ರಿಮ್ಸ್, ಕಲಬುರಗಿಯ ಜಿಮ್ಸ್ ಹಾಗೂ ಕೊಪ್ಪಳ, ಬಳ್ಳಾರಿ, ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಇದರೊಳಗೆ ಬರುತ್ತವೆ. ಅರ್ಹತಾ ಪ್ರಮಾಣಪತ್ರವನ್ನು ಕೊಡುವವರು ಸಹಾಯಕ ಆಯುಕ್ತರು; ಕೇಳುವ ಹಳೆಯ ದಾಖಲೆಗಳು ಹುಡುಕಿದಷ್ಟೂ ತಡವಾಗುವಂಥವು, ಈಗಲೇ ಅರ್ಜಿ ಹಾಕಿ.

ವೈದ್ಯಕೀಯ ಸಿಗದಿದ್ದರೆ ಏನು ಎಂಬುದನ್ನೂ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಪಿಸಿಎಂಬಿಯಿಂದ ಪಶುವೈದ್ಯಕೀಯ, ಬಿ.ಎಸ್ಸಿ. ಕೃಷಿ, ತೋಟಗಾರಿಕೆ, ಬಿ.ಫಾರ್ಮ್, ನರ್ಸಿಂಗ್ ಎಲ್ಲಕ್ಕೂ ಸಿಇಟಿ ಮೂಲಕ ದಾರಿ ಇದೆ, ಮತ್ತು ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯ, ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇವೆ. ನೀವು ಕೃಷಿಕ ಕುಟುಂಬದವರಾದರೆ ಕೃಷಿ ಪದವಿಗಳಿಗೆ ಕೃಷಿಕರ ಕೋಟಾ ಉಂಟು. ಅದಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಮುಂದಿಟ್ಟ ಬೀಜ, ಗೊಬ್ಬರ, ಉಪಕರಣಗಳಂಥವನ್ನು ನೋಡಿ ಗುರುತಿಸಬೇಕಾಗುತ್ತದೆ. ರಜೆಯಲ್ಲಿ ಹೊಲಕ್ಕೆ ಬುತ್ತಿ ಹೊತ್ತು ಹೋದ ಹುಡುಗಿಗೆ ತೊಗರಿ, ಕಡಲೆ, ಕುಸುಬೆಯ ಬೀಜ ಗುರುತಿಸಲು ಕೋಚಿಂಗ್ ಬೇಕಿಲ್ಲ. ನೀಟ್‌ಗಾಗಿ ಒಂದು ವರ್ಷ ಮರುಪ್ರಯತ್ನ ಮಾಡುವುದು ತಪ್ಪಲ್ಲ. ಎರಡನೆಯ, ಮೂರನೆಯ ವರ್ಷವೂ ಅದಕ್ಕೇ ಕೊಡಬೇಕೆ ಎಂಬುದನ್ನು ಮೊದಲ ಪ್ರಯತ್ನದ ಅಂಕ ನೋಡಿ ಹೇಳಬೇಕಾಗುತ್ತದೆ.

ಪ್ರಶ್ನೆ: ನಾನು ತುಮಕೂರಿನ ವಿದ್ಯಾರ್ಥಿ. ಗಣಿತ ಕಂಡರೆ ಆಗದು ಎಂದು ವಾಣಿಜ್ಯ ವಿಭಾಗ ಆರಿಸಿಕೊಳ್ಳುತ್ತಿದ್ದೇನೆ. ಮುಂದೆ ಸಿ.ಎ. ಮಾಡುವ ಆಸೆ. ಯಾವ ಕಾಂಬಿನೇಷನ್ ಒಳ್ಳೆಯದು?

ಉತ್ತರ: ಗಣಿತದಿಂದ ತಪ್ಪಿಸಿಕೊಳ್ಳಲು ವಾಣಿಜ್ಯಕ್ಕೆ ಬಂದು ಸಿ.ಎ.ಗೆ ಹೋಗುವುದು ಸಾಧ್ಯವಿಲ್ಲ. ಸಿ.ಎ.ಯ ಮೊದಲ ಹಂತದ ಪರೀಕ್ಷೆಯಾದ ಫೌಂಡೇಷನ್‌ನ ನಾಲ್ಕು ಪತ್ರಿಕೆಗಳಲ್ಲಿ ಒಂದು ಪೂರ್ತಿ ವ್ಯಾವಹಾರಿಕ ಗಣಿತ, ತಾರ್ಕಿಕತೆ, ಸಂಖ್ಯಾಶಾಸ್ತ್ರಕ್ಕೆ ಸೇರಿದ್ದು. ಅದು ಬಹುಆಯ್ಕೆಯ ಪತ್ರಿಕೆ. ತಪ್ಪುತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಪ್ರತಿ ಪತ್ರಿಕೆಯಲ್ಲೂ ಶೇ 40, ಒಟ್ಟಾರೆ ಶೇ 50 ಬರಲೇಬೇಕು. ಉಳಿದ ಮೂರರಲ್ಲಿ ಚೆನ್ನಾಗಿ ಮಾಡಿ ಇದೊಂದನ್ನು ಬಿಟ್ಟುಬಿಡುವಂತಿಲ್ಲ. ಆದ್ದರಿಂದ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರದ ಜೊತೆಗೆ ಇತಿಹಾಸದ ಬದಲು ಸಂಖ್ಯಾಶಾಸ್ತ್ರವನ್ನೋ ಬೇಸಿಕ್ ಮ್ಯಾಥ್ಸ್ ಅನ್ನೋ ತೆಗೆದುಕೊಳ್ಳಿ. ಅದು ವಿಜ್ಞಾನ ವಿಭಾಗದ ಗಣಿತದಷ್ಟು ಕಠಿಣವಲ್ಲ; ಶೇಕಡಾವಾರು, ಬಡ್ಡಿ, ಅನುಪಾತಗಳಲ್ಲಿ ಕೈ ಕುದುರಿದರೆ ಭಯ ತಾನಾಗಿಯೇ ಇಳಿಯುತ್ತದೆ. ಫೌಂಡೇಷನ್‌ಗೆ ಹತ್ತನೆಯ ತರಗತಿ ಮುಗಿದ ಮೇಲೆ ನೋಂದಾಯಿಸಿಕೊಳ್ಳಬಹುದು, ಪರೀಕ್ಷೆ ಬರೆಯುವುದು ದ್ವಿತೀಯ ಪಿಯು ಮುಗಿದ ನಂತರ. ಈಗಲೇ ಅವಸರ ಬೇಡ. ಪ್ರಥಮ ಪಿಯುನಲ್ಲಿ ಜರ್ನಲ್, ಲೆಡ್ಜರ್ ಬರೆಯುವುದು ಇಷ್ಟವಾಗುತ್ತದೆಯೇ ನೋಡಿ. ಇಷ್ಟವಾಗದಿದ್ದರೆ ಇದೇ ಓದಿನ ಮೇಲೆ ಬಿ.ಕಾಂ., ಬಿ.ಬಿ.ಎ., ಐದು ವರ್ಷದ ಕಾನೂನು ಪದವಿಗೂ ಹೋಗಬಹುದು. ರಾಜ್ಯದಲ್ಲಿ 2021–22ರಲ್ಲಿ ಬಂದಿದ್ದ ನಾಲ್ಕು ವರ್ಷದ ಪದವಿ ಪದ್ಧತಿಯನ್ನು ಕೈಬಿಟ್ಟು 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿರುವುದರಿಂದ, ಹಿರಿಯ ವಿದ್ಯಾರ್ಥಿಗಳು ಹೇಳುವ ನಾಲ್ಕು ವರ್ಷದ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ.