ಸಿಮುಲಿಂಕ್‌ನಂಥ ತಂತ್ರಾಂಶದಲ್ಲಿ ಸಿಮ್ಯುಲೇಶನ್ (ಮಾಡೆಲ್‌ನ ಅಣಕು ಓಟ) ಓಡುವಾಗ ಕೆಲವು ಮೆನು ಕಮಾಂಡ್‌ಗಳು ಮಸುಕಾಗುವುದೇಕೆ? ಪಾಝ್ (ತಾತ್ಕಾಲಿಕ ನಿಲುಗಡೆ) ಕೊಟ್ಟರೂ ಬ್ಲಾಕ್ ಅಳಿಸಲಾಗುವುದಿಲ್ಲವಲ್ಲ?

ಪಾಝ್ ಕೊಟ್ಟರೆ ಸಾಲದು, ಸ್ಟಾಪ್ ಕೊಡಬೇಕು. ಮಾಡೆಲ್‌ನ ರಚನೆಯನ್ನೇ ಬದಲಿಸುವ ಕಮಾಂಡ್‌ಗಳು ಪೂರ್ತಿ ನಿಲ್ಲಿಸಿದ ಮೇಲಷ್ಟೇ ತೆರೆದುಕೊಳ್ಳುತ್ತವೆ.

ಬ್ಲಾಕ್‌ಗಳನ್ನು ಗೆರೆಗಳಿಂದ ಜೋಡಿಸಿ ಮಾಡೆಲ್ ಕಟ್ಟುವ ಸಿಮುಲಿಂಕ್ ಅನ್ನೇ ನೋಡಿ. ರನ್ ಒತ್ತಿದ ಕೂಡಲೇ ಲೆಕ್ಕ ಶುರುವಾಗುವುದಿಲ್ಲ. ಮೊದಲು ತಂತ್ರಾಂಶವು ಇಡೀ ಚಿತ್ರವನ್ನು ಓದಿ, ಯಾವ ಗೆರೆಯಲ್ಲಿ ಎಷ್ಟು ಸಂಖ್ಯೆಗಳು ಹರಿಯುತ್ತವೆ, ಯಾವ ಬ್ಲಾಕ್ ಮೊದಲು, ಯಾವುದು ಆಮೇಲೆ ಎಂದು ಕ್ರಮ ಕಟ್ಟಿ, ಅದಕ್ಕೆ ತಕ್ಕಷ್ಟು ಮೆಮೊರಿ ಕಾದಿರಿಸುತ್ತದೆ. ನಡುವೆ ಒಂದು ಬ್ಲಾಕ್ ಕಿತ್ತರೆ ಆ ಕ್ರಮವೇ ಕುಸಿಯುತ್ತದೆ. ಪಾಝ್‌ನಲ್ಲಿ ಸಿಮ್ಯುಲೇಶನ್‌ನ ಗಡಿಯಾರ ಮಾತ್ರ ನಿಂತಿರುತ್ತದೆ, ಕಟ್ಟಿದ ಕ್ರಮ ಹಾಗೇ ಇರುತ್ತದೆ.

ಒಳಬರುವ ಸಂಖ್ಯೆಯನ್ನು ಗುಣಿಸುವ ಗೇನ್ ಬ್ಲಾಕ್‌ನ ಮೌಲ್ಯವನ್ನು 2ರಿಂದ 5ಕ್ಕೆ ಏರಿಸುವುದು ಬೇರೆ ಮಾತು. ಅಲ್ಲಿ ಕ್ರಮ ಬದಲಾಗದು, ಗುಣಿಸುವ ಸಂಖ್ಯೆಯಷ್ಟೇ ಬದಲು. ಹಾಗಾಗಿ ಸಾಮಾನ್ಯವಾಗಿ ಓಡುತ್ತಿರುವಾಗಲೇ ತಿದ್ದಬಹುದು, ಗ್ರಾಫ್ ಅಲ್ಲಿಂದಲೇ ತಿರುಗುವುದು ಕಾಣುತ್ತದೆ.

ನನ್ನ ಸಲಹೆ: ರಚನೆ ತಿದ್ದಿದ ಮೇಲೆ ನೇರ ರನ್‌ಗೆ ಹೋಗದೆ ಕಂಟ್ರೋಲ್ ಮತ್ತು ಡಿ ಒತ್ತಿ. ಇದು ಮೇಲೆ ಹೇಳಿದಂತೆ ಚಿತ್ರವನ್ನು ಓದಿ ಕ್ರಮ ಕಟ್ಟುವ ಕೆಲಸವನ್ನಷ್ಟೇ ಮಾಡುವ ಅಪ್‌ಡೇಟ್ ಕಮಾಂಡ್. ಜೋಡಿಸದ ಗೆರೆ, ಹೊಂದದ ಅಳತೆ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತವೆ.