ಕಂಪ್ಯೂಟರ್ ಪ್ರಶ್ನೋತ್ತರ: ಕಡತ ನಮ್ಮದು, ಜಗಳ ಯಾರದು?

ಪ್ರಶ್ನೆ: ನಮ್ಮದು ಪೆರ್ಲ ಸಮೀಪದ ಕನ್ನಡ ಮಾಧ್ಯಮ ಶಾಲೆ. ಇಲ್ಲಿನ ಕಂಪ್ಯೂಟರುಗಳಲ್ಲಿರುವುದು ವಿಂಡೋಸ್ ಬದಲು ಲಿನಕ್ಸ್, ಮೈಕ್ರೋಸಾಫ್ಟ್ ಆಫೀಸ್ ಬದಲು ಲಿಬ್ರೆಆಫೀಸ್. ವಾರ್ಷಿಕೋತ್ಸವದ ಆಮಂತ್ರಣವನ್ನು ಎಡಕ್ಕೆ ಮಲಯಾಳ, ಬಲಕ್ಕೆ ಕನ್ನಡ ಬರುವಂತೆ ಕೋಷ್ಟಕದಲ್ಲಿ ಜೋಡಿಸಿ ಮಂಗಳೂರಿನ ಮುದ್ರಣಾಲಯಕ್ಕೆ ಕಳುಹಿಸಿದೆ. ಅವರು ವರ್ಡ್‌ನಲ್ಲಿ ತೆರೆದಾಗ ಒಂದು ಪುಟದ್ದು ಎರಡು ಪುಟವಾಯಿತು. 'ನಿಮ್ಮ ಸಾಫ್ಟ್‌ವೇರ್ ಸರಿಯಿಲ್ಲ, ವರ್ಡ್‌ನ ಡಾಕ್‌ಎಕ್ಸ್ ಮಾದರಿಗೆ ಬದಲಿಸಿ ಕಳುಹಿಸಿ' ಎಂದರು. ಹಾಗೆ ಮಾಡಿದರೂ ಅದೇ ಕಥೆ. ತಪ್ಪು ಯಾರದು? – ಒಬ್ಬ ಶಿಕ್ಷಕಿ

ಉತ್ತರ: ಟೀಚರೇ, ಮುದ್ರಣಾಲಯದವರು ಕೈ ತೋರಿಸಿದ್ದು ತಪ್ಪು ಕಡೆಗೆ. ಕೇರಳದ ಶಾಲೆಗಳು ಸರಕಾರದ ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಿಂದಲೂ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸ್ವತಂತ್ರ ತಂತ್ರಾಂಶದಲ್ಲೇ ಮಕ್ಕಳಿಗೆ ಕಲಿಸುತ್ತಿವೆ. ಆ ತಂತ್ರಾಂಶಕ್ಕೆ ಒಂದು ಆಮಂತ್ರಣ ಪತ್ರಿಕೆ ಭಾರವೇನಲ್ಲ.

ನೀವು ಕಳುಹಿಸಿದ ಕಡತದೊಳಗೆ ಫಾಂಟ್ ಇರಲಿಲ್ಲ, ಫಾಂಟಿನ ಹೆಸರು ಮಾತ್ರ ಇತ್ತು. ನಿಮ್ಮ ಲಿನಕ್ಸ್‌ನಲ್ಲಿ ಕನ್ನಡಕ್ಕೆ ಲೋಹಿತ್ ಅಥವಾ ನೋಟೊ, ಮಲಯಾಳಕ್ಕೆ ಮೀರ ಅಥವಾ ರಚನ ಇದ್ದಿರಬಹುದು. ಮುದ್ರಣಾಲಯದ ವಿಂಡೋಸ್‌ನಲ್ಲಿ ಅವು ಇಲ್ಲದಿದ್ದರೆ ವರ್ಡ್ ಆ ಜಾಗದಲ್ಲಿ ತನ್ನ ಬಳಿಯಿರುವ ತುಂಗಾ, ನಿರ್ಮಲಾ, ಕಾರ್ತಿಕದಂಥದ್ದನ್ನು ಕೂರಿಸುತ್ತದೆ. ಅವುಗಳ ಅಗಲ ಬೇರೆ, ಒತ್ತಕ್ಷರಕ್ಕೆ ಕೆಳಗೆ ಬಿಡುವ ಜಾಗ ಬೇರೆ. 'ಸ್ವಾಗತ ಸಮಿತಿ' ಎಂಬ ಸಾಲು ಕನ್ನಡದ ಕಡೆ ಒಂದಿಷ್ಟು ಎತ್ತರವಾದರೆ ಕೋಷ್ಟಕದ ಆ ಇಡೀ ಸಾಲು ಎತ್ತರವಾಗುತ್ತದೆ. ಹೀಗೆ ಮೇಲಿನಿಂದ ಕೆಳಗಿನವರೆಗೆ ಆದರೆ ಅಧ್ಯಕ್ಷರು ಒಂದು ಪುಟದಲ್ಲಿ, ವಂದನಾರ್ಪಣೆ ಇನ್ನೊಂದರಲ್ಲಿ. ಡಾಕ್‌ಎಕ್ಸ್ ಮಾಡಿದರೂ ಹೋಗುವುದು ಬರಿಯ ಹೆಸರೇ. ಮತ್ತೆ ಅದೇ ಕಥೆಯಾದದ್ದು ಅದಕ್ಕೇ.

ಮುದ್ರಣಕ್ಕೆ ಹೋಗುವುದನ್ನು ಪಿಡಿಎಫ್ ಮಾಡಿಯೇ ಕಳುಹಿಸಿ. ಅದರಲ್ಲಿ ಫಾಂಟ್ ಜೊತೆಗೇ ಹೋಗುತ್ತದೆ. ಲಿಬ್ರೆಆಫೀಸ್‌ನಲ್ಲಿ ಪಿಡಿಎಫ್ ರಫ್ತು ಮಾಡುವ ಪೆಟ್ಟಿಗೆಯಲ್ಲಿ 'ಹೈಬ್ರಿಡ್ ಪಿಡಿಎಫ್' ಎಂಬ ಆಯ್ಕೆಯಿದೆ. ಅದನ್ನು ಗುರುತು ಮಾಡಿದರೆ ಪಿಡಿಎಫ್‌ನೊಳಗೇ ಮೂಲ ಕಡತವೂ ಸೇರುತ್ತದೆ. ಮುಂದಿನ ವರ್ಷ ಅದನ್ನೇ ಲಿಬ್ರೆಆಫೀಸ್‌ನಲ್ಲಿ ತೆರೆದು ದಿನಾಂಕ ತಿದ್ದಿದರೆ ಸಾಕು. ಇಷ್ಟು ಒಳ್ಳೆಯ ಸೌಕರ್ಯವನ್ನು ಯಾರೂ ಬಳಸುವುದಿಲ್ಲವಲ್ಲ ಎಂದು ನನಗೆ ಬೇಸರ.

ಪ್ರಶ್ನೆ: ಈ ಕಂಪೆನಿಗಳೆಲ್ಲ ಸೇರಿ ಒಂದೇ ಮಾದರಿಯ ಕಡತಕ್ಕೆ ಒಪ್ಪಬಾರದೇ? – ನಿವೃತ್ತ ಬ್ಯಾಂಕ್ ನೌಕರ, ಕುಂಬಳೆ

ಉತ್ತರ: ಒಪ್ಪುವ ಅವಕಾಶ ಬಂದಿತ್ತು. ಸನ್ ಎಂಬ ಅಮೆರಿಕದ ಕಂಪ್ಯೂಟರ್ ಕಂಪೆನಿ 1999ರಲ್ಲಿ ಲಿಬ್ರೆಆಫೀಸ್‌ನ ಪೂರ್ವಜವಾದ ಸ್ಟಾರ್‌ಆಫೀಸನ್ನು ಕೊಂಡು, ಮರುವರ್ಷ ಅದರ ಮೂಲಸಂಕೇತವನ್ನು ಎಲ್ಲರೂ ನೋಡುವಂತೆ ಬಯಲಿಗಿಟ್ಟಿತು. ಅದರಿಂದ ಬೆಳೆದ ಓಡಿಎಫ್ ಎಂಬ ಕಡತ ಮಾದರಿ 2005ರಲ್ಲಿ ಓಯಸಿಸ್ ಎಂಬ ಮಾನಕ ರೂಪಿಸುವ ಒಕ್ಕೂಟದ, 2006ರಲ್ಲಿ ಐಎಸ್‌ಒ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ಮಾನಕವಾಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ತನ್ನ ಕಚೇರಿಗಳಿಗೆ ಓಡಿಎಫ್ ಬೇಕೆಂದು 2005ರಲ್ಲೇ ಹೇಳಿದಾಗ ಮೈಕ್ರೋಸಾಫ್ಟ್‌ಗೆ ಬಿಸಿ ತಟ್ಟಿತು. ಇದ್ದ ಮಾನಕವನ್ನು ಒಪ್ಪುವ ಬದಲು ಅದು ತನ್ನದೇ ಓಓಎಕ್ಸ್‌ಎಂಎಲ್ ಅನ್ನು (ಡಾಕ್‌ಎಕ್ಸ್ ಇದರದೇ ಭಾಗ) ಎಕ್ಮಾ ಎಂಬ ಮಾನಕ ಸಂಸ್ಥೆಯ ಮೂಲಕ ಐಎಸ್‌ಒದ ಮುಂದಿಟ್ಟಿತು. ಸುಮಾರು ಆರು ಸಾವಿರ ಪುಟಗಳ ದಾಖಲೆ! ಓದಿ ಮುಗಿಸಿ ಮತ ಹಾಕಿದವರು ಎಷ್ಟು ಮಂದಿಯೋ ದೇವರೇ ಬಲ್ಲ.

ಐಎಸ್‌ಒದ ಸದಸ್ಯ ದೇಶಗಳ 2007ರ ಸೆಪ್ಟೆಂಬರ್ ಮತದಾನದಲ್ಲಿ ಅದು ಬಿದ್ದುಹೋಯಿತು. ತಿದ್ದುಪಡಿಗಳ ಬಳಿಕ 2008ರಲ್ಲಿ ಪಾಸಾಯಿತು. ನಮ್ಮ ಭಾರತೀಯ ಮಾನಕ ಬ್ಯೂರೋ ಎರಡು ಬಾರಿಯೂ 'ಬೇಡ' ಎಂದದ್ದಲ್ಲದೆ, ಬ್ರೆಜಿಲ್, ದಕ್ಷಿಣ ಆಫ್ರಿಕಾ ಮತ್ತು ವೆನೆಜುವೆಲಾದಂತೆ ಮೇಲ್ಮನವಿಯನ್ನೂ ಸಲ್ಲಿಸಿತು. ಮೇಲ್ಮನವಿ ತಿರಸ್ಕೃತವಾಯಿತು. ಹಾಗಾಗಿ ಈಗ ಎರಡೂ ಐಎಸ್‌ಒ ಮಾನಕಗಳೇ. ಒಂದು ಕೆಲಸಕ್ಕೆ ಎರಡು ಮಾನಕ ಇದ್ದಮೇಲೆ ಅದನ್ನು ಮಾನಕ ಎನ್ನುವುದಾದರೂ ಹೇಗೆ?

ಆ ಆರು ಸಾವಿರ ಪುಟಗಳಲ್ಲಿ ಏನಿತ್ತು ಎಂಬುದಕ್ಕೆ ಒಂದು ಮಾದರಿಯನ್ನು ನೀವೇ ನೋಡಬಹುದು. ಎಕ್ಸೆಲ್ ದಿನಾಂಕವನ್ನು 1900ರ ಜನವರಿ 1ರಿಂದ ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ. ಅದರ ಖಾಲಿ ಕೋಶದಲ್ಲಿ 60 ಎಂದು ಬರೆದು, ಅದನ್ನು ದಿನಾಂಕವಾಗಿ ತೋರಿಸುವಂತೆ ಬದಲಿಸಿ. 1900ರ ಫೆಬ್ರವರಿ 29 ಎಂದು ಬರುತ್ತದೆ. 1900 ಅಧಿಕ ವರ್ಷವೇ ಅಲ್ಲ. ನಾವು ಬಳಸುವ ಕ್ಯಾಲೆಂಡರಿನಲ್ಲಿ ಆ ದಿನವೇ ಇಲ್ಲ! ಹಿಂದೆ ಲೋಟಸ್ 1-2-3 ಎಂಬ ತಂತ್ರಾಂಶದಲ್ಲಿದ್ದ ದೋಷವನ್ನು ಹೊಂದಾಣಿಕೆಗಾಗಿ ಎಕ್ಸೆಲ್ ಉಳಿಸಿಕೊಂಡಿತು, ಅಲ್ಲಿಂದ ಅದು ಮಾನಕದ ಪುಟಕ್ಕೂ ಏರಿತು. ಲಿಬ್ರೆಆಫೀಸ್‌ನಲ್ಲಿ ಅದೇ 60 ಫೆಬ್ರವರಿ 28 ಎಂದು ತೋರಿಸುತ್ತದೆ. 61ರಿಂದ ಮುಂದೆ ಎರಡರ ಲೆಕ್ಕವೂ ಕೂಡುತ್ತದೆ. ಬ್ಯಾಂಕಿನಲ್ಲಿದ್ದ ನಿಮಗೆ, ಹಳೆಯ ತಪ್ಪನ್ನು ಹೊಸ ಲೆಡ್ಜರಿಗೆ ವರ್ಗಾಯಿಸುವುದು ಹೊಸ ವಿಷಯವೇನಲ್ಲ ಎಂದುಕೊಳ್ಳುತ್ತೇನೆ.

ಮೈಕ್ರೋಸಾಫ್ಟ್‌ನದು ಬರೀ ಹಟವೆಂದರೆ ಅನ್ಯಾಯವಾದೀತು. ಅಸಂಖ್ಯ ಹಳೆಯ ಕಡತಗಳನ್ನು ಕೆಡಿಸದೆ ಮುಂದಕ್ಕೆ ಒಯ್ಯುವ ಹೊರೆ ಅದರ ಮೇಲಿತ್ತು. 2009ರಿಂದ ಅದರ ಆಫೀಸ್ ಓಡಿಎಫ್ ಕಡತಗಳನ್ನೂ ತೆರೆಯುತ್ತದೆ. ಆದರೂ ಕಡತದ ಕೀಲಿಕೈ ಯಾರ ಕೈಯಲ್ಲಿರುತ್ತದೋ ಗಿರಾಕಿಯೂ ಅವರ ಕೈಯಲ್ಲೇ ಉಳಿಯುತ್ತಾನೆ. ಜಗಳದ ಬೇರು ಅದು.

ಪ್ರಶ್ನೆ: ಕಡತದ ಹೆಸರಿನ ಕೊನೆಯ ಓಡಿಟಿ (ಓಡಿಎಫ್ ಬರಹ ಕಡತದ ಗುರುತು) ಅಳಿಸಿ ಡಾಕ್‌ಎಕ್ಸ್ ಎಂದು ಬರೆದರೆ ಸಾಲದೇ? – ವಿದ್ಯಾರ್ಥಿ, ಮುಳ್ಳೇರಿಯ

ಉತ್ತರ: ಸಾಲದು. ಫಲಕ ಬದಲಿಸಿದ ಮಾತ್ರಕ್ಕೆ ಸುಳ್ಯದ ಬಸ್ಸು ಮಂಗಳೂರಿಗೆ ಹೋಗುವುದಿಲ್ಲ. ಆದರೆ ಬೇರೆ ಒಂದು ತಮಾಷೆ ಮಾಡಿ ನೋಡು. ಕಡತದ ಪ್ರತಿಯೊಂದನ್ನು ಮಾಡಿಕೊಂಡು ಅದರ ಕೊನೆಗೆ ಜಿಪ್ (ಹಲವು ಕಡತಗಳನ್ನು ಒಂದರಲ್ಲಿ ಕಟ್ಟಿಡುವ ಗಂಟು) ಎಂದು ಬರೆದು ತೆರೆ. ಓಡಿಟಿಯಾದರೆ ಒಳಗೆ 'ಕಂಟೆಂಟ್', ಡಾಕ್‌ಎಕ್ಸ್ ಆದರೆ 'ವರ್ಡ್' ಕಡತಕೋಶದಲ್ಲಿ 'ಡಾಕ್ಯುಮೆಂಟ್' ಎಂಬ ಎಕ್ಸ್‌ಎಂಎಲ್ (ಕಣ್ಣಿಗೆ ಓದಬಲ್ಲ ಪಠ್ಯದ) ಕಡತ ಸಿಗುತ್ತದೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಜಗತ್ತೇ ಒಪ್ಪಿದ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ನಿನ್ನ ಕನ್ನಡ ಅಲ್ಲಿ ಅಕ್ಷರ ಅಕ್ಷರವಾಗಿ ಕಾಣುತ್ತದೆ. ಬದ್ಧ ವೈರಿಗಳ ಒಳಗಿನ ಕಟ್ಟು ಒಂದೇ ಬಗೆಯದು!

ಪ್ರಶ್ನೆ: ನಮ್ಮ ತಾಳಮದ್ದಳೆ ಸಂಘದ ಹಳೆಯ ವರದಿಗಳೆಲ್ಲ ನುಡಿ ಫಾಂಟಿನಲ್ಲಿ, ವರ್ಡ್‌ನ ಹಳೆಯ ಡಾಕ್ ಕಡತಗಳಾಗಿವೆ. ಓಡಿಎಫ್‌ಗೆ ಬದಲಿಸಿದರೆ ಸುರಕ್ಷಿತವೇ? – ಕಾರ್ಯದರ್ಶಿ, ಬಾಯಾರು

ಉತ್ತರ: ಡಾಕ್ ಕಡತ ವರ್ಡ್, ಲಿಬ್ರೆಆಫೀಸ್ ಎರಡರಲ್ಲೂ ತೆರೆಯುತ್ತದೆ, ಅದರ ಚಿಂತೆ ಬೇಡ. ತೊಡಕಿರುವುದು ಫಾಂಟಿನಲ್ಲಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿನ ಕಣ್ಣಿಗೆ ಕನ್ನಡವೇ ಅಲ್ಲ. ಆ ಫಾಂಟ್ ತೆಗೆದರೆ ಉಳಿಯುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಅದನ್ನು ಯಾವ ಮಾನಕಕ್ಕೆ ತುಂಬಿದರೂ ಅಷ್ಟೇ. ಮೊದಲು ಪರಿವರ್ತಕ ಬಳಸಿ ಯೂನಿಕೋಡ್‌ಗೆ ತನ್ನಿ, ಆಮೇಲೆ ಓಡಿಟಿಯಾಗಿ ಉಳಿಸಿ. ಅರ್ಥಧಾರಿಗಳ ಹೆಸರುಗಳನ್ನು ಒಂದೊಂದಾಗಿ ಕಣ್ಣಿಟ್ಟು ನೋಡಿ, ಮುಖ್ಯವಾಗಿ ಅರ್ಕಾವತ್ತು ಇರುವಲ್ಲಿ. 'ಕರ್ಣ', 'ಅರ್ಜುನ' ಸರಿಯಾಗಿ ಬಂದಿದ್ದಾರೋ ಎಂದು ಖಚಿತವಾಗುವವರೆಗೆ ಮೂಲ ಡಾಕ್ ಕಡತಗಳನ್ನು ಅಳಿಸಬೇಡಿ.